ಹೂವಿನ ಆಂಟಿಗೆ ಯಾರಾದರೂ ಚಹಾ ಕೊಡಿ

ಆ ಪಿಕ್ಚರ್‌ನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈ ಪುಟ ಮುಗಿಯುವ ಮೊದಲೇ ನೀವು ಮೊಬೈಲ್ ತೆಗೆದು ಹುಡುಕುತ್ತೀರಿ. ನಾನೂ ಹಾಗೇ ಹುಡುಕಿದವನು.

ಮೂವತ್ತು ವರ್ಷದ ಹಿಂದೆ ಯಾರೋ ನಾಲ್ಕು ಜನ ಸೇರಿ ಹನ್ನೊಂದು ದಿನದಲ್ಲಿ ಸುತ್ತಿ ಬಿಸಾಕಿದ ಹಿಂದಿ ದೆವ್ವದ ಪಿಕ್ಚರ್ ಅದು. ದೆವ್ವದ ಕಾಲಲ್ಲಿ ಹವಾಯಿ ಚಪ್ಪಲಿ. ಗೋರಿಯಿಂದ ಏಳುವ ರಬ್ಬರ್ ಕೈಗೆ ಕಟ್ಟಿದ ದಾರ ಎದ್ದು ಕಾಣುತ್ತದೆ. ಥಿಯೇಟರಿನಲ್ಲಿ ಒಂದು ವಾರ ಓಡದಿದ್ದದ್ದು ಈಗ ಮೊಬೈಲಿನಲ್ಲಿ ಲಕ್ಷಾಂತರ ಜನಕ್ಕೆ ಹುಚ್ಚು ಹಿಡಿಸಿದೆ. ನಿಜ ಹೇಳಬೇಕೆಂದರೆ ಪಿಕ್ಚರ್ ನೋಡುವುದು ನೆಪ, ಎಲ್ಲರೂ ಬರುವುದು ಕೆಳಗಿನ ಕಾಮೆಂಟ್ ಓದಲಿಕ್ಕೆ.

ಜುಲೈ ತಿಂಗಳ ಮಧ್ಯಾಹ್ನ. ಬೆಳಗಿನಿಂದ ಬಿಡದ ಮಳೆ. ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕರೆಂಟು ಹೋಗಿ ನಮ್ಮ ಮೋಲ್ಡಿಂಗ್ ಮಷೀನು ನಿಂತವು, ಹಳಿ ಮೇಲೆ ನೀರು ಬಂದು ಲೋಕಲ್ ರೈಲೂ ನಿಂತವು. ನಾನು ಮತ್ತು ನನ್ನ ಜೊತೆ ಮಷೀನ್ ನಡೆಸುವ ಸಚಿನ, ಇಬ್ಬರೂ ಗೇಟಿನ ಕ್ಯಾಬಿನ್ನಿನಲ್ಲಿ ಕಾಶಪ್ಪ ಕಾಕಾನ ಬೆಂಚಿನ ಮೇಲೆ ಕೂತೆವು. ಕಾಶಪ್ಪ ಕಾಕಾ ಎಸ್ಟೇಟಿನ ವಾಚ್‌ಮನ್. ವಿಜಯಪುರದ ಕಡೆಯವರು, ವಯಸ್ಸು ಎಪ್ಪತ್ತೈದು ದಾಟಿದೆ. ನಾಲ್ಕು ಗಂಟೆಗೇ ಕತ್ತಲೆ ಕವಿದಿತ್ತು. ಸಚಿನ ಗಟ್ಟಿಯಾಗಿ ಕಾಮೆಂಟ್ ಓದುತ್ತಿದ್ದ.

"ಕೇಳ್ರಿ ಕಾಕಾ. 'ಈ ಪಿಕ್ಚರ್‌ದಾಗ ಆ್ಯಕ್ಟಿಂಗ್ ಬರೂದು ಒಬ್ಬಾಕಿಗೆ, ಹೂವಿನ ಆಂಟಿಗೆ.' ಇನ್ನೊಂದು ಕೇಳ್ರಿ. 'ಹೂವಿನ ಆಂಟಿಗೆ ಯಾರಾದರೂ ಚಹಾ ಕೊಡಿ, ಕೂತು ಕೂತು ಒಣಗಿದ್ದಾಳೆ.' ನಾಕ್‌ನೂರು ಲೈಕ್ ಬಂದಾವು! ಬರದಾಂವ ಇಲ್ಲೇ ಕುಂತಾನ ನೋಡ್ರಿ, ನಮ್ಮ ಶ್ರೀಶೈಲ."

ನಾನು ನಕ್ಕೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಬರೆದದ್ದನ್ನು ನಾಲ್ಕು ನೂರು ಜನ ಮೆಚ್ಚಿದ್ದರು. ಎರಡು ದಿನದಿಂದ ಅದೇ ಗುಂಗಿನಲ್ಲಿದ್ದೆ.

"ಯಾರಲೇ ಆ ಆಂಟಿ?" ಕಾಕಾ ಕೇಳಿದರು.

ಸಚಿನ ಹೇಳಿದ. ನಲವತ್ತೇಳನೇ ನಿಮಿಷಕ್ಕೆ ಬರುತ್ತಾಳೆ. ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಗೋಡೆಗೆ ಆತು ಕೂತ ಹೆಂಗಸು, ಹಣೆ ತುಂಬ ವಿಭೂತಿ, ಕುತ್ತಿಗೆಯವರೆಗೆ ಹೂವು. ಕತೆಗೂ ಅವಳಿಗೂ ಸಂಬಂಧವೇ ಇಲ್ಲ. ಎಂಟು ಸೆಕೆಂಡು, ರೆಪ್ಪೆ ಕೂಡ ಬಡಿಯುವುದಿಲ್ಲ.

ಕಾಕಾ ಸ್ಟೂಲನ್ನು ನಮ್ಮ ಕಡೆ ಎಳೆದುಕೊಂಡರು.

"ಕೇಳ್ರಿ ಹಂಗಾರ... ನಾವಾಗ ವಿಕ್ರೋಳಿ ಚಾಳಿನ್ಯಾಗ ಇದ್ವಿ, ನಾನು, ನನ್ನ ಹೆಂಡತಿ ದಾನವ್ವ, ಇಬ್ಬರ. ಆಕಿಗೆ ಚಾ ಅಂದ್ರ ಜೀವ. ಹಿಂತಾದ ಮಳಿ ಅವತ್ತೂ. ಮುಂಜಾನೆ ಚಾ ಸೋಸಿದ್ಲು, ನನ್ನ ಕಪ್ ನನ್ನ ಕೈಯಾಗ ಕೊಟ್ಟಳು, ತನ್ನ ಕಪ್ ಬಾಜೂಕ ಇಟಗೊಂಡು ಗೋಡಿಗೆ ಆತು ಕುಂತಾಕಿ... ಹಂಗ ಕುಂತ ಬಿಟ್ಟಳು. 'ಆರತೈತಿ, ಕುಡಿಯ' ಅಂತ ನಾ ಎರಡ ಸಲ ಅಂದೆ. ಯಾರಿಗೆ ಅಂತೀ? ಯಾರ ಅದಾರ ಅಲ್ಲಿ?

"ಮಂದಿ ಬಂದ್ರು, ಕಣ್ಣು ಮುಚ್ಚಿದ್ರು, ನಮ್ಮ ಪದ್ಧತಿ ಐತೆಲ್ಲ, ಹಂಗ ಗೋಡಿಗೆ ಕುಂಡ್ರಿಸಿ ವಿಭೂತಿ ಹಚ್ಚಿ ಹೂವು ಹಾಕಿದ್ರು, ಭಜನಿ ಚಾಲೂ ಆತು, ಊರಿಂದ ಆಕಿ ಅಣ್ಣ ಬರೂತನಕ ಕಾಯಬೇಕಿತ್ತು. ಚಾಳಿನ ಹಿಂದ ಒಂದ್ ಮುಚ್ಚಿದ ಗೋಡೌನ್, ಅಲ್ಲಿ ಶೂಟಿಂಗ್ ನಡದಿತ್ತು. ಭಜನಿ ಕೇಳಿ ಡೈರೆಕ್ಟರ್ ಬಂದ, ತಲಿ ಮ್ಯಾಲ ಟೋಪಿ, ಹಿಂದ ದೊಡ್ಡ ಕ್ಯಾಮೆರಾ. ಬಾಗಲದಾಗ ನಿಂತು ಟೋಪಿ ತಗದ, ಕೈ ಮುಗದ, 'ದಾದಾ, ಏಕ್ ಫೋಟೋ ಲೂಂ?' ಅಂದ, ಒಂದ್ ಫೋಟೋ ತಗೀಲೇನು ಅಂತ..."

ನನ್ನ ಅಜ್ಜನನ್ನೂ ಹೀಗೇ ಗೋಡೆಗೆ ಕೂರಿಸಿದ್ದರು, ನಾನೇ ಕಂಡಿದ್ದೆ. ಆದರೂ ಪಿಕ್ಚರ್ ನೋಡುವಾಗ ಹೊಳೆದಿರಲಿಲ್ಲ. ಯಾಕೆಂದರೆ ಹೂವಿನ ಆಂಟಿಯ ಕಣ್ಣು ತೆರೆದಿದ್ದವು.

"ಆ ಟೋಪಿಯಾಂವ ಈಗೆಲ್ಲಿ ಅದಾನ್ರಿ?" ಎಂದೆ. "ಬದುಕಿದ್ರ ಹೇಳ್ರಿ, ಹೋಗಿ ಹಲ್ಲು ಮುರೀತೀನಿ."

"ಸಿಟ್ಟ ಅವನ ಮ್ಯಾಲ ಯಾಕ ಮಾಡ್ತಿ, ತಮ್ಮಾ? ಮುಂದ ಕೇಳು. ನನಗ ಖುಷಿ ಆಗಿತ್ತು. ಹೌದು, ಹೆಂಡತಿ ಸತ್ತ ದಿನ ಖುಷಿ. ಆಕಿದು ಜನ್ಮಕ್ಕ ಒಂದ ಫೋಟೋ ಇತ್ತು, ಮದಿವಿದು, ಹದಿನೈದ ಮಂದಿ ನಿಂತಿದ್ದು, ಅದರಾಗ ಬರೋಬರಿ ಕಣ್ಣು ಮುಚ್ಚಿದ್ಲು. ಬದುಕಿದ್ದಾಗ ಅದಕ್ಕ ಎಷ್ಟ ಜಗಳಾಡ್ಯಾಳ ಅಂತಿ! 'ಇನ್ನೊಂದು ಫೋಟೋ ತಗಸ್ರಿ, ತಗಸ್ರಿ'... ನಾ ತಗಸಲಿಲ್ಲ. ಈಗ ತಾನಾಗೆ ಫೋಟೋದಾಂವ ಮನಿಗೆ ಬಂದಾನ, ಆಕಿ ಕಣ್ಣು ಮತ್ತ ಮುಚ್ಚ್ಯಾವು. ಏನ್ ಮಾಡಲಿ ನಾನು? ನೀವಾದ್ರ ಏನ್ ಮಾಡ್ತಿದ್ರಿ? ಅವ ಏನೂ ಅನ್ನಲಿಲ್ಲ. ನಾನ ಎದ್ದು ಹೋದೆ... ಈ ಎರಡ ಬೆರಳಿಲೆ ರೆಪ್ಪಿ ಮ್ಯಾಲೆತ್ತಿದೆ.

"ಫೋಟೋ ಆದ್ರ ಟಕ್ ಅನ್ನಬೇಕು, ಹೌದಲ್ಲ? ಅದು ಕರ್‌ರ್ ಅಂತಿತ್ತು. ನಾ ಏನ್ ಬಲ್ಲೆ? ಅಷ್ಟರಾಗ ಅಣ್ಣ ಬಂದ, ಗಾಡಿ ಬಂತು, ನೀರ ಏರಾಕತ್ತಾವು ನಡೀರಿ ನಡೀರಿ ಅಂದ್ರು, ಮುಖಕ್ಕ ವಸ್ತ್ರ ಹಾಕಿ ಎತ್ತಿದ್ರು. ಮಣ್ಣ ಕೊಟ್ಟು, ಕೈ ತೊಳಕೊಳ್ಳಾಕ ನಲ್ಲಿ ತಿರುವಿದೆ ನೋಡ್ರಿ... ಆಗ ನೆನಪಾತು. ಕಣ್ಣು ಮುಚ್ಚಿಲ್ಲ. ತಗದಾಂವ ನಾನು, ಮುಚ್ಚಬೇಕಾದಾಂವ ನಾನು. ತಿರುಗಿ ಅಗೀರಿ ಅಂತ ಅನ್ನಬೇಕಿತ್ತು. ಮಂದಿ ಏನಂದಾರು ಅಂತ ಸುಮ್ಮನ ಬಂದೆ.

"ಬಾಂದ್ರಾದಾಗ ಆಫೀಸ್ ಐತಿ, ಬಂದು ಫೋಟೋ ಒಯ್ಯಿ ಅಂದಿದ್ದ. ಎರಡ ಸಲ ಹೋದಾಗ ಕೀಲಿ ಹಾಕಿತ್ತು. ಮೂರನೇ ಸಲ ಹೋದ್ರ ಅಲ್ಲಿ ಚಪ್ಪಲಿ ಅಂಗಡಿ."

ಸಚಿನನ ಮೊಬೈಲು ತೊಡೆಯ ಮೇಲೆ ಬೋರಲಾಗಿತ್ತು. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

"ನನಗ ನೋಡಾಕ ಧೈರ್ಯ ಇಲ್ಲ. ನೀವ ಓದ್ರಿ," ಅಂದರು ಕಾಕಾ. "ಕಣ್ಣು ಮುಚ್ಚ್ಯಾಳ ಅಂತ ಒಬ್ಬರಾದ್ರೂ ಬರದಾರೇನು?"

ಸಚಿನ ಹಳೆಯ ಕಾಮೆಂಟಿನಿಂದ ಶುರು ಮಾಡಿದ. ಈಗ ಅವನ ದನಿಯಲ್ಲಿ ನಗು ಇರಲಿಲ್ಲ. ಎಂಟು ವರ್ಷದ ಹಿಂದೆ ಒಬ್ಬ ಬರೆದಿದ್ದ: ಆಂಟಿ ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡುತ್ತಿದ್ದಾಳೆ, ಅಲ್ಲಿ ಯಾರು ನಿಂತಿದ್ದಾರೆ?

"ನಾ ನಿಂತಿದ್ದೆ," ಅಂದರು ಕಾಕಾ.

ಐದು ವರ್ಷದ ಹಿಂದಿನದು: ಪಕ್ಕಕ್ಕೆ ಎಂದವರು ಯಾರು, ಅವಳು ನೇರ ಕ್ಯಾಮೆರಾ ನೋಡುತ್ತಾಳೆ. ಹೋದ ವರ್ಷದ್ದು: ಮಲಗಿಕೊಂಡು ನೋಡುತ್ತಿದ್ದೆ, ಮಗ್ಗುಲು ಬದಲಿಸಿದೆ, ಅವಳ ಕಣ್ಣೂ ಆ ಕಡೆ ಬಂತು. ಅದರ ಕೆಳಗೆ ಮೂವತ್ತು ಜನರ ನಗು. ಆಮೇಲೆ ನನ್ನದು. ಆಮೇಲೆ ಇವತ್ತಿನವು ಎಂಟು.

ಸಚಿನ ಓದುವುದು ನಿಲ್ಲಿಸಿದ.

"ಓದಲೇ," ಎಂದೆ.

"'ಹೂವಿನ ಆಂಟಿ ಎಲ್ಲಿ? ಯಾಕೆ ತೆಗೆದಿರಿ?' ಎಲ್ಲಾರೂ ಇದನ್ನ ಬರದಾರೋ."

ನಾನೇ ಮೊಬೈಲ್ ಕಿತ್ತುಕೊಂಡು ನಲವತ್ತೇಳನೇ ನಿಮಿಷಕ್ಕೆ ಒಯ್ದೆ. ಅದೇ ಖೋಲಿ. ಗೋಡೆಗೆ ಹತ್ತಿದ ವಿಭೂತಿಯ ಬಿಳಿ ಗುರುತು. ಕೆಳಗೆ ಹೂವಿನ ರಾಶಿ, ನಡುವೆ ಯಾರೋ ಕೂತು ಎದ್ದ ಜಾಗದಷ್ಟು ಬಯಲು. ಎಂಟು ಸೆಕೆಂಡು ಖಾಲಿ ಗೋಡೆ. ನನ್ನ ಮೊಬೈಲ್ ತೆಗೆದು ನನ್ನ ಕಾಮೆಂಟ್ ಹುಡುಕಿ ಅಳಿಸಿದೆ.

"ಅಳಿಸಿದ್ರ ಏನ್ ಬಂತು?" ಕಾಕಾ ಮೆಲ್ಲಗೆ ಅಂದರು. "ಲಕ್ಷ ಮಂದಿ ನೋಡಿದ್ರು, ನಕ್ಕರು... ಮೂವತ್ತ ವರ್ಷದಾಗ ಚಾ ಅಂತ ಒಬ್ಬರೂ ಅಂದಿರಲಿಲ್ಲ. ಮುಂಜಾನೆಯಿಂದ ಕುಂತಾಕಿ ಆಕಿ, ಚಾ ಕುಡಿಲಾರದ ಕುಂತಾಕಿ. ನೀ ಕರದಿ. ಮಣ್ಣ ಕೊಟ್ಟ ಮ್ಯಾಲ ಎರಡ ದಿನ ನಾನೂ ಕಪ್ ತುಂಬಿ ಬಾಗಲದಾಗ ಇಟ್ಟು ಕಾದೆ... ನನ್ನ ಮನಿಗೆ ಬರಲಿಲ್ಲ. ಬಾಯಿ ಬಿಟ್ಟು ಕರದಾಂವ ನಾನಲ್ಲಲ್ಲ."

ಅವರು ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ತಣ್ಣಗಿದ್ದವು.

"ಮನಿಗೆ ಹೋಗು, ಶ್ರೀಶೈಲ. ಹೋದಕೂಡ್ಲೆ ಗೋಡಿ ಕಡೆ ನೋಡಬ್ಯಾಡ, ಮಾತಾಡಸಬ್ಯಾಡ, ಸೀದಾ ಚಾ ಇಡು. ಸಕ್ಕರಿ ಎರಡ ಚಮಚ, ಅಲ್ಲಾ-ಶುಂಠಿ ಹಾಕಬ್ಯಾಡ, ಆಕಿಗೆ ಸೇರೂದಿಲ್ಲ. ಕುಡದು ಮುಗಸಲಿ... ಆಮ್ಯಾಲ ಕಣ್ಣು ಮುಚ್ಚು ತಮ್ಮಾ. ಅಂಗೈಲೆ, ಮೆಲ್ಲಕ. ನಾ ಮರತ ಬಿಟ್ಟೆ... ನೀ ಮರೀಬ್ಯಾಡ."