ಮೈಕಿಲ್ಲದ ಕ್ಯಾಮೆರಾ

ಮಾನ್ಯ ಅಧ್ಯಕ್ಷರಾದ ವಿದ್ಯಾಶಂಕರ ಅವರೇ, ತೀರ್ಪುಗಾರರಾದ ರಂಜನಾ ಮೇಡಂ ಅವರೇ, ನಿನ್ನೆ ಹನ್ನೊಂದು ಪ್ರಾಯೋಗಿಕ ಕಿರುಚಿತ್ರಗಳನ್ನು ನೋಡಿಯೂ ಇವತ್ತು ಮತ್ತೆ ಬಂದಿರುವ ಕೊಪ್ಪದ ಸಭಿಕರೇ,

ಮೊದಲ ಬಹುಮಾನದ ನಿರ್ದೇಶಕನೆಂದು ನನಗೆ ಶಾಲು ಹೊದೆಸಿದ್ದೀರಿ. ನಾನು ನಿರ್ದೇಶಕನಲ್ಲ, ಸಿಸಿಟಿವಿ ಕೂರಿಸುವ ಸೀತಾರಾಮ. ಇಲ್ಲಿಗೆ ಬಂದದ್ದು ಪ್ರೊಜೆಕ್ಟರ್ ನಡೆಸಲು. ಇಲ್ಲೇ ಪಕ್ಕದ ನಾರ್ವೆ ಊರಿನ ನಮ್ಮ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಯಾರ ದನ ತುಳಿಯುತ್ತಿದೆ ಎಂದು ಪತ್ತೆಹಚ್ಚಲು ಮನೆಯ ಸಿಸಿಟಿವಿ ದೃಶ್ಯ ತುಂಬಿಸಿಟ್ಟುಕೊಂಡ, ನನ್ನ ಹೆಸರು ಬರೆದ ಪೆನ್‌ಡ್ರೈವ್ ಸ್ಪರ್ಧೆಯ ಪೆನ್‌ಡ್ರೈವ್‌ಗಳ ಜೊತೆ ಸೇರಿಹೋಯಿತು.

ಪರದೆಯ ಮೇಲೆ ನಮ್ಮ ಅಂಗಳ ಕಂಡಾಗ ಬೆವರಿದೆ. ನಿಲ್ಲಿಸಬಹುದಿತ್ತು. ಆದರೆ ಅದಕ್ಕೂ ಮೊದಲು ಹದಿನಾಲ್ಕು ನಿಮಿಷ ಬರೀ ಗೋಡೆ ತೋರಿಸಿದ ಚಿತ್ರಕ್ಕೆ ನೀವೆಲ್ಲ ಚಪ್ಪಾಳೆ ತಟ್ಟಿದ್ದಿರಿ. ನಮ್ಮ ಅಂಗಳ ಏನು ಪಾಪ ಮಾಡಿತ್ತು?

ಆರನೇ ನಿಮಿಷಕ್ಕೆ ನನ್ನ ಹೆಂಡತಿ ಮಾಲತಿ ಬರುತ್ತಾಳೆ. ಅಡಿಕೆಯಲ್ಲಿ ಕೈಯಾಡಿಸುತ್ತಾಳೆ. ತಲೆಯೆತ್ತಿ ಕ್ಯಾಮೆರಾಕ್ಕೆ ಏನೋ ಹೇಳಿ, ಸ್ವಲ್ಪ ಕಾದು, ಒಳಗೆ ಹೋಗುತ್ತಾಳೆ. ದನ ಬರುವುದೇ ಇಲ್ಲ. ‘ಧ್ವನಿಯನ್ನೇ ಕೈಬಿಟ್ಟ ನಿರ್ದೇಶಕರ ಧೈರ್ಯ ದೊಡ್ಡದು’ ಎಂದರು ರಂಜನಾ ಮೇಡಂ. ಧೈರ್ಯವಲ್ಲ ಮೇಡಂ, ಅದು ಮೈಕಿಲ್ಲದ ಕ್ಯಾಮೆರಾ. ಒಳ್ಳೆಯದನ್ನು ಗಿರಾಕಿಗೆ ಕೊಟ್ಟು, ಉಳಿದದ್ದನ್ನು ಸ್ವಂತ ಮನೆಗೆ ಹಾಕುವುದು ನಮ್ಮ ವೃತ್ತಿಯವರ ಅಭ್ಯಾಸ.

ಮನೆಗೆ ಹೋಗಿ ಕೇಳಿದೆ. ‘ಎಂತ ಹೇಳಿದ್ದು ಮಾರಾಯ್ತಿ ಅದು?’

‘ಊಟಕ್ಕೆ ಬರ್ತೀರಾ ಅಂತ. ದಿನಾ ಕೇಳ್ತೀನಲ್ಲ? ಅಂಗಡೀಲಿ ಕೂತೇ ಮನೇದೆಲ್ಲ ಗೊತ್ತಾಗುತ್ತೆ ಅಂತ ನೀವೇ ಹೇಳಿದ್ರಿ. ಉತ್ತರ ಬರೋದಿಲ್ಲ. ಸಿಟ್ಟೇನೋ ಅಂದ್ಕೊಂಡು ಒಬ್ಬಳೇ ಉಣ್ತೀನಿ.’

ಒಂದೂವರೆ ವರ್ಷ, ಸಭಿಕರೇ! ಆ ಕ್ಯಾಮೆರಾಕ್ಕೆ ಕೇಳಿಸುವುದಿಲ್ಲ ಎಂದು ಹೇಳಲು ನನಗೆ ನೆನಪೇ ಆಗಿರಲಿಲ್ಲ. ಫೋನಿನಲ್ಲಿ ದಿನವೂ ಅಂಗಳ ನೋಡುತ್ತಿದ್ದೆ, ನಿಜ. ನೋಡುತ್ತಿದ್ದುದು ದನವನ್ನು. ರಾತ್ರಿಯಿಡೀ ನಾಚಿಕೆಯಿಂದ ನಿದ್ದೆ ಬರಲಿಲ್ಲ.

ಇಂಥ ಚಿತ್ರಗಳು ಅರ್ಥವಾಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಅರ್ಥ ಆಮೇಲಿರಲಿ. ಫೋನ್ ಆಫ್ ಮಾಡಿ, ಎದ್ದು ಹೋಗದೆ, ಕೊನೆತನಕ ನೋಡಿ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ಅವಳನ್ನು ಬೇರೆ ಕೆಲಸವಿಲ್ಲದೆ ಅಷ್ಟು ಹೊತ್ತು ನೋಡಿದ್ದು ನಿನ್ನೆಯೇ.

ಬಹುಮಾನ ಹಿಂದಿರುಗಿಸಲು ಹೋದರೆ ವಿದ್ಯಾಶಂಕರರು, ‘ಫಲಕದ ಮೇಲೆ ಹೆಸರು ಕೆತ್ತಿಯಾಗಿದೆ ಮಾರಾಯ, ಸುಮ್ಮನೆ ತಗೋ’ ಎಂದರು. ತೆಗೆದುಕೊಂಡಿದ್ದೇನೆ.

ಅಗೋ, ಮೂರನೇ ಸಾಲಿನಿಂದ ಮಾಲತಿ ಏನೋ ಹೇಳುತ್ತಿದ್ದಾಳೆ. ಇಲ್ಲಿಗೂ ಕೇಳಿಸುತ್ತಿಲ್ಲ. ಇನ್ನೂ ಎರಡು ಪುಟ ಬರೆದುಕೊಂಡು ಬಂದಿದ್ದೆ, ಇರಲಿ. ನಿಮಗೆಲ್ಲ ಕೃತಜ್ಞತೆ ಹೇಳಿ, ಕೆಳಗಿಳಿದು ಹೋಗಿ ಕೇಳುತ್ತೇನೆ. ನಮಸ್ಕಾರ.