ಒಗ್ಗರಣೆ ನಿಲ್ಲಿಸಿದ ಓಣಿ

2020ನೆಯ ಇಸವಿ, ಏಪ್ರಿಲ್ ಮೂರು, ಶುಕ್ರವಾರ, ಸಂಜೆ ನಾಲ್ಕೂವರೆ. ನೇಕಾರರ ಊರೊಂದರಲ್ಲಿ ಒಬ್ಬ ಸಾಹುಕಾರ ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಬ್ರೆಡ್ಡು ಹಿಡಿದು ಮನೆಯಿಂದ ಹೊರಬಿದ್ದ.

ಎಂಥವನು ಈ ಸಾಹುಕಾರ? ಕೆಟ್ಟವನೇ? ಅಲ್ಲ. ನೋಡಿ, ಊರಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುವವನು ಅವನೇ. ಅವನ ತಂದೆಯೂ ಹಾಗೇ ಮಾಡುತ್ತಿದ್ದ. ಕಾಯಿಲೆಯವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ಪದ್ಧತಿ. ಆದರೆ ಅದು ಯಾವ ವರ್ಷ? ಕೊರೋನಾ ವರ್ಷ. ಮಗ್ಗಗಳ ಸದ್ದು ನಿಂತಿತ್ತು. ಊರಿನ ದಾರಿಗೆ ಜಾಲಿಮುಳ್ಳು ಎಳೆದು ಬಂದ್ ಮಾಡಿದ್ದರು. ಎಳೆಸಿದವನೂ ಈ ಸಾಹುಕಾರನೇ. ಊರು ಕಾಯುತ್ತಿದ್ದೇನೆ ಎಂಬ ಹೆಮ್ಮೆ ಅವನಿಗೆ.

ಅವನು ಹೊರಟದ್ದು ತನ್ನದೇ ಓಣಿಯ ನೀಲಗಂಗವ್ವನ ಮನೆಗೆ. ಆಕೆಗೆ ಎದೆಯ ಕ್ಯಾನ್ಸರ್. ಲಾಕ್‌ಡೌನ್ ಶುರುವಾಗುವ ಮೊದಲು ನಗರದ ಆಸ್ಪತ್ರೆಯಲ್ಲಿ ಎರಡನೆಯ ಕೀಮೋ ಮುಗಿದಿತ್ತು. ಸಾಹುಕಾರನ ಹಿಂದೆ ವಾಡಿಕೆಯಂತೆ ನಾಲ್ಕೈದು ಜನ. ಅದರಲ್ಲೊಬ್ಬ ದಾರಿಯುದ್ದಕ್ಕೂ ಸೀನುತ್ತಿದ್ದ.

ನೀಲಗಂಗವ್ವನ ಸೊಸೆ ಮಂಗಳಾ ಹೊಸ್ತಿಲಲ್ಲಿ ಅಡ್ಡ ನಿಂತಳು.

“ಕಾಕಾರ, ಒಳಗ ಬರಬ್ಯಾಡ್ರಿ. ಡಾಕ್ಟರು ಯಾರನ್ನೂ ಬಿಡಬ್ಯಾಡ ಅಂದಾರ.”

“ಯಾರನ್ನೂ ಅಂದ್ರ ನನ್ನೂ ಹಿಡದು ಏನವಾ? ನಾ ಏನು ಹೊರಗಿನಾಂವ?”

“ಹೊರಗಿನವರಲ್ರೀ. ನಿಮ್ಮಿಂದ ಆಗೋ ಕೆಲಸ ಬ್ಯಾರೆ ಐತಿ. ಹದಿಮೂರನೇ ತಾರೀಖಿಗೆ ಮುಂದಿನ ಕೀಮೋ. ದಾರಿ ಮ್ಯಾಲಿನ ಮುಳ್ಳು ತಗಸ್ರಿ, ಗಾಡಿ ಪಾಸ್ ಕೊಡಸ್ರಿ.”

ಸೀನುತ್ತಿದ್ದವನೇ ಬಾಯಿ ಹಾಕಿದ. “ಒಬ್ಬರಿಗೆ ತಗದ್ರ ಊರೆಲ್ಲಾ ಕೇಳತೈತಿ. ಒಂದೆರಡು ತಿಂಗಳು ತಡಕೊಳ್ರಿ.”

ಕಿಟಕಿಯೊಳಗಿಂದ ನೀಲಗಂಗವ್ವನ ದನಿ ಬಂತು. “ನಾ ತಡಕೋತೀನಪಾ. ನನ್ನ ಎದಿಯಾಗಿನ ಗಂಟು ತಡಕೋಬೇಕಲ್ಲ!”

ಸಾಹುಕಾರ ನಗಲಿಲ್ಲ. ಅರವತ್ತು ವರ್ಷದಲ್ಲಿ ಯಾರೂ ಅವನನ್ನು ಬಾಗಿಲಲ್ಲಿ ನಿಲ್ಲಿಸಿರಲಿಲ್ಲ. ಹಣ್ಣು, ಬ್ರೆಡ್ಡು ಕಟ್ಟೆಯ ಮೇಲೆ ಕುಕ್ಕಿ ತಿರುಗಿ ಹೊರಟ.

“ಏ ತಮ್ಮಾ, ಮಾರಿ ಊದಿಸಿದ್ಯಾ? ಸಣ್ಣಾಂವ ಇದ್ದಾಗೂ ಹಿಂಗ ಇದ್ದಿ ನೀ!” ಎಂದಳು ನೀಲಗಂಗವ್ವ ಕಿಟಕಿಯಿಂದ.

ಅವನು ಹಿಂತಿರುಗಿ ನೋಡಲಿಲ್ಲ. ಮುಳ್ಳು ಇದ್ದಲ್ಲೇ ಇರಲಿ ಎಂದುಕೊಳ್ಳುತ್ತ ನಡೆದ. ನಾಲ್ಕು ಮನೆ ದಾಟಿರಬೇಕು, ಯಾರದೋ ಒಲೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ಸಾಹುಕಾರ ಅಲ್ಲೇ ನಿಂತ.

ಅವನಿಗೆ ಏಳು ವರ್ಷವಿದ್ದಾಗಿನ ಮಾತು ನೆನಪಾಯಿತು. ಮೈಮೇಲೆ ಅಮ್ಮ ಎದ್ದಿತ್ತು. ಈಗ ದಡಾರ ಎನ್ನುತ್ತೇವಲ್ಲ, ಅದು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದರು. ಅಮ್ಮ ಇದ್ದ ಮನೆಗೆ ಒಗ್ಗರಣೆಯ ವಾಸನೆ ತಾಗಬಾರದು ಎಂಬ ನಂಬಿಕೆ ಆಗ. ಅವನ ಮನೆಯಲ್ಲಷ್ಟೇ ಅಲ್ಲ, ಓಣಿಯ ಯಾವ ಮನೆಯಲ್ಲೂ ಸಾಸಿವೆ ಸಿಡಿಯಲಿಲ್ಲ. ಅವನು ಎದ್ದು ಓಡಾಡುವವರೆಗೆ ಎಲ್ಲರೂ ಸಪ್ಪೆ ಸಾರು ಉಂಡರು. ಯಾರಿಗಾಗಿ? ಒಬ್ಬ ಹುಡುಗನಿಗಾಗಿ! ಒಳಗೆ ಯಾರೂ ಬರಲಿಲ್ಲ. ಬೇವು ಕಂಡವರು ತಂದದ್ದನ್ನು ಕಟ್ಟೆಯ ಮೇಲಿಟ್ಟು ಹೋದರು. ಆಗ ದಾವಣಿಯ ಹುಡುಗಿಯಾಗಿದ್ದ ಇದೇ ನೀಲಗಂಗವ್ವ, ಅವನ ನೀಲಕ್ಕ, ಮಾತ್ರ ದಿನವೂ ಸಂಜೆ ಕಿಟಕಿಯ ಹೊರಗೆ ಕೂತು ಒಗಟು ಹೇಳುತ್ತಿದ್ದಳು. ಉತ್ತರ ಹೊಳೆಯದೆ ಅವನು ಅಳುತ್ತಿದ್ದ, ಅವಳು ಗೋಡೆಯಾಚೆ ನಗುತ್ತಿದ್ದಳು. ಆ ಮಗ್ಗದ ಸದ್ದು, ಆ ಬೇವಿನ ಕಹಿ ಗಾಳಿ, ಆ ನಗು ಎಲ್ಲ ಒಮ್ಮೆಲೇ ಅವನ ಎದೆಗೆ ಬಂತು.

ಒಗ್ಗರಣೆಯಿಂದ ದಡಾರ ಹೆಚ್ಚುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಇರಲಿ. ಹೊರಗೆ ನಿಂತೇ ಒಬ್ಬರನ್ನು ಕಾಯುವುದು ಹೇಗೆಂದು ಆ ಓಣಿಗೆ ಗೊತ್ತಿತ್ತಲ್ಲ?

ಸಾಹುಕಾರ ತಿರುಗಿ ಬಂದ. ಒಬ್ಬನೇ ಬಂದ. ಅಂಗಳದಲ್ಲೇ ನಿಂತು ಕೂಗಿದ.

“ಅಕ್ಕಾ, ಹದಿಮೂರಕ್ಕ ಎಷ್ಟೊತ್ತಿಗೆ ಹೊಂಡಬೇಕು?”

“ನಸಕಿನ್ಯಾಗ,” ಎಂದಳು ನೀಲಗಂಗವ್ವ. ಆಮೇಲೆ, “ಬಂದ್ಯಾ?” ಎಂದಳು.

ಮರುದಿನ ಅವನು ತಹಶೀಲ್ದಾರರ ಕಚೇರಿಯಲ್ಲಿದ್ದ. ಗುಮಾಸ್ತ ಹೇಳಿದ, “ಎಮರ್ಜೆನ್ಸಿಗೆ ಮಾತ್ರ ಪಾಸ್ ರೀ.” ಸಾಹುಕಾರ ಹೇಳಿದ, “ಕ್ಯಾನ್ಸರ್ ಎಮರ್ಜೆನ್ಸಿ ಅಲ್ಲಂತ ಒಂದು ಹಾಳಿ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ. ಎದ್ದು ಹೋಗ್ತೀನಿ.” ಗುಮಾಸ್ತ ಬರೆಯಲಿಲ್ಲ. ಸಂಜೆಗೆ ಪಾಸ್ ಬಂತು. ಆಸ್ಪತ್ರೆಯವರು ಫೋನಿನಲ್ಲಿ ತಾರೀಖು ಮುಂದೆ ಹಾಕುವ ಮಾತಾಡಿದಾಗಲೂ ಅವನು ಬಿಡಲಿಲ್ಲ. ಡಾಕ್ಟರೇ ಮಾತಿಗೆ ಬಂದು ಹದಿಮೂರಕ್ಕೇ ಬರಲಿ ಎನ್ನುವವರೆಗೆ ಫೋನ್ ಹಿಡಿದು ಕೂತ. ಹದಿಮೂರರ ನಸುಕಿನಲ್ಲಿ ತಾನು ಎಳೆಸಿದ ಮುಳ್ಳನ್ನು ತಾನೇ ಎಳೆದು ಬದಿಗೆ ಹಾಕಿದ. ಗಾಡಿ ಹೋಯಿತು.

ಈಗ ನಿಮ್ಮ ಮಾತಿಗೆ ಬರೋಣ. ಕೀಮೋ ಔಷಧ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಗಡ್ಡೆಯದೂ ಸಾಯುತ್ತದೆ, ರೋಗ ತಡೆಯುವ ಬಿಳಿ ರಕ್ತಕಣಗಳ ಸಂಖ್ಯೆಯೂ ಕುಸಿಯುತ್ತದೆ. ಆ ದಿನಗಳಲ್ಲಿ ನಿಮ್ಮ ಸಣ್ಣ ನೆಗಡಿ ಅವರಿಗೆ ಸಣ್ಣದಲ್ಲ. ಅವರಿಂದ ನಿಮಗೆ ಅಪಾಯವೇ? ಕ್ಯಾನ್ಸರ್ ಅಂಟುವುದಿಲ್ಲ. ನಿಮ್ಮಿಂದ ಅವರಿಗೆ ಅಪಾಯ! ಆದ್ದರಿಂದ ಇನ್ನು ಮುಂದೆ ಗುಂಪು ಕಟ್ಟಿಕೊಂಡು ಹಾಸಿಗೆಯ ಸುತ್ತ ಕೂಡಬೇಡಿ. ಬಾಗಿಲಲ್ಲಿ ತಡೆದರೆ ಮುನಿಯಬೇಡಿ. ಮಾಸ್ಕ್ ಹಾಕಿ ಅಂಗಳದಲ್ಲಿ ನಿಲ್ಲಿ, ಮುಂದಿನ ತಾರೀಖು ಯಾವತ್ತು, ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿ. ಯಾರೂ ಇಲ್ಲವೆಂದರೆ ನೀವು ಹೋಗಿ. ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಅವರಿಗೆ ದನಿ ಎತ್ತುವ ಶಕ್ತಿ ಇರುವುದಿಲ್ಲ. ನಿಮಗಿದೆಯಲ್ಲ? ಚಿಕಿತ್ಸೆಯ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.

ನೀಲಗಂಗವ್ವನಿಗೆ ಒಂದು ದಿನವೂ ತಪ್ಪಲಿಲ್ಲ. ಮೊದಲು ನಾಲ್ಕೂವರೆ ಸೆಂಟಿಮೀಟರ್ ಇದ್ದ ಗಡ್ಡೆ, ಜುಲೈ ತಿಂಗಳ ಸ್ಕ್ಯಾನಿನಲ್ಲಿ ಒಂದು ಪಾಯಿಂಟ್ ಎರಡು ಸೆಂಟಿಮೀಟರ್.