ಹಸಿರು ಖಣದ ಪುಸ್ತಕ

ನಾನು ಬಾಯವ್ವ ಗಂಡ ರಾಮಲಿಂಗಪ್ಪ ಹೊಸಮನಿ, ವಯಸ್ಸು 52 ವರ್ಷ, ಹೊಲಿಗೆ ಕೆಲಸ, ಸಾ: ರಾಮದುರ್ಗ, ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನಗೆ ಓದು ಬರಹ ಬರುವುದಿಲ್ಲ. ನಾನು ಮಷಿನ್ ತುಳಿಯುವಾಗ ನನ್ನ ಒಬ್ಬಳೇ ಮಗಳು ನೀಲಾ ಪಕ್ಕದಲ್ಲಿ ಕುಳಿತು ಪುಸ್ತಕ ಓದಿ ಹೇಳುತ್ತಿದ್ದಳು. ಹೋದ ವರ್ಷ ಶ್ರಾವಣದಲ್ಲಿ ಕಾಮಾಲೆಯಿಂದ ತೀರಿಕೊಂಡಳು. ಆಗ ಅವಳಿಗೆ 21 ವರ್ಷ.

ಅವಳ ಹನ್ನೊಂದು ಪುಸ್ತಕಗಳನ್ನು ನಮ್ಮ ಓಣಿಯ ಸಂಘದ ವಾಚನಾಲಯಕ್ಕೆ ಕೊಟ್ಟೆನು. ಬೇರೆಯವುಗಳಲ್ಲಿ ಬೆರೆತು ಹೋಗಬಾರದೆಂದು, ಅವಳ ಮದುವೆಯ ಕುಪ್ಪಸಗಳಿಗೆ ತೆಗೆದಿಟ್ಟಿದ್ದ ಬೇರೆ ಬೇರೆ ಬಣ್ಣದ ಖಣದ ಬಟ್ಟೆಗಳಿಂದ ಎಲ್ಲಕ್ಕೂ ಹೊದಿಕೆ ಹೊಲಿದಿದ್ದೆನು. ಪ್ರತಿ ಸೋಮವಾರ ಹೋಗಿ ಅವುಗಳ ಮೇಲೆ ಕೈಯಾಡಿಸಿ ಬರುತ್ತಿದ್ದೆನು.

ದಿನಾಂಕ 11-08-2025ರಂದು ಬೆಳಿಗ್ಗೆ 10 ಗಂಟೆಗೆ ಹೋದಾಗ ಆ ಜಾಗ ಖಾಲಿ ಇತ್ತು. ವಾಚನಾಲಯ ನೋಡಿಕೊಳ್ಳುವ ವಿರೂಪಾಕ್ಷನನ್ನು ಕೇಳಲಾಗಿ, ಶನಿವಾರ ತಾನು ಸವದತ್ತಿಗೆ ಹೋಗಿದ್ದಾಗ ಸಂಘದವರು ಕಂಪ್ಯೂಟರಿನವರನ್ನು ಕರೆಸಿದ್ದರೆಂದೂ, ಮೊಬೈಲಿನಲ್ಲಿ ಕಪಾಟಿನ ಫೋಟೊ ಹಿಡಿದರೆ ಪುಸ್ತಕದ ಬೆನ್ನ ಮೇಲಿನ ಹೆಸರನ್ನು ಮೊಬೈಲೇ ಓದಿ ಗುರುತಿಸುತ್ತದೆಂದೂ, ಗುರುತು ಸಿಗದವನ್ನು ಹರಿದವುಗಳ ಜೊತೆ ರದ್ದಿಗೆ ಹಾಕಿದರೆಂದೂ ತಿಳಿಸಿದನು. "ಬಟ್ಟಿ ಇತ್ತಲ್ರಿ ಚಿಗವ್ವಾ, ಅದಕ್ಕ ಹೆಸರು ಕಾಣಲಿಲ್ಲ" ಎಂದು ಆ ಫೋಟೊ ತೋರಿಸಿದನು. ನನ್ನ ಹನ್ನೊಂದರ ಸುತ್ತ ಕೆಂಪು ಗೆರೆ ಇತ್ತು. ಬಟ್ಟೆ ಸರಿಸಿ ನೋಡಲು ಅವರಿಗೆ ಕೈ ಇರಲಿಲ್ಲವೇ ಎಂದು ನಾನು ಕೂಗಾಡಿದೆನು.

ಕೂಡಲೇ ಇಬ್ಬರೂ ಬಸ್ಸಿನಲ್ಲಿ, ಅವನ್ನು ಕೊಂಡಿದ್ದ ಯರಗಟ್ಟಿಯ ರದ್ದಿ ಅಂಗಡಿಗೆ ಹೋದೆವು. ಅಂಗಡಿಯ ಕಲ್ಮೇಶನು, ರದ್ದಿ ಭಾನುವಾರವೇ ಲಾರಿ ಏರಿ ಹೋಯಿತೆಂದೂ, ಬಟ್ಟೆ ಇದ್ದರೆ ಕಾಗದದ ಕಾರ್ಖಾನೆಯವರು ಒಲ್ಲೆ ಎನ್ನುವುದರಿಂದ ಬಿಚ್ಚಿ ತೆಗೆದೆನೆಂದೂ ಹೇಳಿದನು. "ಚೊಲೊ ಖಣ ಅಂತ ಇಟ್ಟಿದ್ನಿರಿ, ತಗೋರಿ" ಎಂದು ಕೈಗೆ ಕೊಟ್ಟನು. ಹನ್ನೊಂದೂ ಹೊದಿಕೆ ಇದ್ದವು.

ಪುಸ್ತಕಗಳ ಹೆಸರೇನೆಂದು ಸಾಹೇಬರು ಕೇಳಿದರು. ವಾಚನಾಲಯದವರು ಇನ್ನೂ ಬರೆದುಕೊಂಡಿರಲಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಇಲ್ಲ.

ಎಲ್ಲ ಸಿಗದಿದ್ದರೂ ಹಸಿರು ಖಣ ಹೊದಿಸಿದ್ದೊಂದು ಬೇಕು. ಅದು ಹುಡುಗಿಯೊಬ್ಬಳು ತವರಿಗೆ ಹೊಳೆ ದಾಟಿ ಹೋಗುವ ಕಥೆ. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ನೀಲಾ, ಹುಡುಗಿ ದೋಣಿ ಹತ್ತುವ ತನಕ ಓದಿ, "ಉಳಿದಿದ್ದು ಬಂದ ಮ್ಯಾಲ ಓದತೇನಿ, ಬ್ಯಾರೆಯವರ ಕಡೆ ಓದಿಸ್ಕೋಬ್ಯಾಡ ಯವ್ವಾ" ಎಂದು ಹಾಳೆಯ ಮೂಲೆ ಮಡಚಿಟ್ಟಳು. ನಾನು ಇವತ್ತಿನವರೆಗೂ ಓದಿಸಿಕೊಂಡಿಲ್ಲ.

ಯಾರ ಮೇಲೂ ಕೇಸು ಬೇಡ. ಆ ಲಾರಿ ಹೋದಲ್ಲಿ ಹುಡುಕಿಸಿ ಕೊಡಬೇಕು. ಈಗ ಅದರ ಮೇಲೆ ಖಣವಿಲ್ಲ, ಮಡಚಿದ ಆ ಮೂಲೆಯೊಂದೇ ಗುರುತು. ಸಿಕ್ಕರೆ ಅದನ್ನು ಯಾರೂ ನೆಟ್ಟಗೆ ಮಾಡಬಾರದೆಂದು ವಿನಂತಿ.

ಬರೆದಿದ್ದನ್ನು ನನಗೆ ಕೊನೆಯವರೆಗೂ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ರಾಮದುರ್ಗ
ದಿನಾಂಕ: 12-08-2025
ಬಾಯವ್ವಳ ಎಡಗೈ ಹೆಬ್ಬೆಟ್ಟಿನ ಗುರುತು